ಕ್ರೆಡಿಟ್ ರಿಪೋರ್ಟ್‌ಗೆ ದುಡ್ಡು ಕೊಡಬೇಕಾ? ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸ್ತಿದೆ

ಪ್ರಶ್ನೆ: ಹೇಮಾವತಿ_ದಡ

ಬೈಕ್ ಸಾಲದ ಕೊನೇ ಕಂತು ಮಾರ್ಚ್‌ನಲ್ಲೇ ಕಟ್ಟಿ ಆಗಿದೆ, ಎನ್‌ಒಸಿ (ಸಾಲ ತೀರಿದೆ ಅನ್ನೋ ಬ್ಯಾಂಕಿನ ಪತ್ರ) ಕೈಯಲ್ಲಿದೆ. ಆದರೂ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ‘ಸಿಬಿಲ್‌ನಲ್ಲಿ ಹಳೇ ಸಾಲ ಬಾಕಿ ಇದೆ’ ಅಂತ ಹೇಳ್ತಿದ್ದಾರೆ. ರಿಪೋರ್ಟ್ ನೋಡೋಣ ಅಂದರೆ ವೆಬ್‌ಸೈಟ್‌ನಲ್ಲಿ ಪ್ಲಾನ್ ತಗೊಳ್ಳಿ ಅಂತ ಬರುತ್ತೆ. ಏಜೆಂಟ್ ಒಬ್ಬರು ₹3,000 ಕೊಟ್ಟರೆ ಎಲ್ಲ ಸರಿ ಮಾಡಿಸ್ತೀನಿ ಅಂತಾರೆ. ರಿಪೋರ್ಟ್‌ಗೆ ನಿಜಕ್ಕೂ ಫೀಸ್ ಇದೆಯಾ? ತಿದ್ದಿಸೋಕೆ ಯಾರ ಹತ್ತಿರ ಹೋಗಬೇಕು, ಎಷ್ಟು ದಿನ ಹಿಡಿಯುತ್ತೆ?

ಉತ್ತರ 1: ಖಾತೆ_ಕಿರ್ದಿ

ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೀವು ಮನೆಯಲ್ಲಿ ಕೂತು ಪುಕ್ಕಟೆಯಾಗಿ ಮಾಡಬಹುದಾದ ಕೆಲಸವನ್ನೇ ಅವರೂ ಮಾಡೋದು.

ಜನ ‘ಸಿಬಿಲ್’ ಅಂತ ಒಂದೇ ಹೆಸರು ಹೇಳ್ತಾರೆ, ಆದರೆ ಜನರ ಸಾಲದ ದಾಖಲೆ ಇಟ್ಟು ರಿಪೋರ್ಟ್ ಕೊಡೋ ಇಂಥ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಆರ್‌ಬಿಐ 2016ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶದಂತೆ, 2017ರ ಜನವರಿಯಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು, ಸ್ಕೋರ್ (ಸಾಲ ತೀರಿಸೋ ರೀತಿ ನೋಡಿ ಕೊಡೋ ಅಂಕ) ಸಮೇತ, ಉಚಿತವಾಗಿ ಕೊಡಲೇಬೇಕು. ಅಂದರೆ ವರ್ಷಕ್ಕೆ ನಾಲ್ಕು. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ಡಿಸೆಂಬರ್‌ನಲ್ಲಿ ಒಂದು ತೆಗೆದವರು ಜನವರಿಯಲ್ಲಿ ಮತ್ತೊಂದು ತೆಗೆಯಬಹುದು. ಅದೇ ವರ್ಷ ಅದೇ ಕಂಪನಿಯಿಂದ ಎರಡನೇದು ಬೇಕಾದರೆ ಮಾತ್ರ ಫೀಸ್ ಕೇಳಬಹುದು.

ನಿಮಗೆ ಕಂಡಿದ್ದು ಚಂದಾ ಪುಟ. ಉಚಿತ ರಿಪೋರ್ಟ್‌ನ ಕೊಂಡಿಯನ್ನು ಎದ್ದು ಕಾಣುವಂತೆ ಇಡಬೇಕು ಅಂತ ಆರ್‌ಬಿಐ 2023ರಲ್ಲಿ ಹೇಳಿದೆ. ಹಾಗಾಗಿ ಮುಖಪುಟದಿಂದಲೇ ಹುಡುಕಿ ಒಳಗೆ ಹೋಗಿ. ನಡುವೆ ಪ್ಲಾನ್ ಪುಟ ಬಂದರೆ ‘ಬೇಡ’ ಅನ್ನೋ ಆಯ್ಕೆಯನ್ನು ಕೆಳಗಿನವರೆಗೂ ಹುಡುಕಿ. ಕಾರ್ಡ್ ನಂಬರ್ ಹಾಕೋ ಜಾಗ ಬಂತು ಅಂದರೆ ದಾರಿ ತಪ್ಪಿದ್ದೀರಿ ಅಂತಲೇ ಲೆಕ್ಕ.

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು ಗುರುತಿನ ಹಂತದಲ್ಲಿ. ಹೆಸರು, ಹುಟ್ಟಿದ ದಿನ ಪ್ಯಾನ್ ಕಾರ್ಡ್‌ನಲ್ಲಿ ಇರೋ ಹಾಗೇ ಹಾಕಿ. ಇನಿಷಿಯಲ್ ಮುಂದೋ ಹಿಂದೋ ಅನ್ನೋದರಲ್ಲೇ ಎಷ್ಟೋ ಅರ್ಜಿ ನಿಂತುಹೋಗುತ್ತೆ. ಮೊಬೈಲ್ ನಂಬರ್ ಸಾಲ ತಗೊಂಡಾಗ ಕೊಟ್ಟಿದ್ದೇ ಆದರೆ ಒಳ್ಳೇದು. ‘ಈ ವರ್ಷ ಯಾವ ಬ್ಯಾಂಕಲ್ಲಿ ಸಾಲ ತಗೊಂಡಿರಿ’ ಅಂತ ಪ್ರಶ್ನೆ ಕೇಳಬಹುದು, ಸಾಲದ ಕಾಗದ ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಒಂದು ಅಂಕವೂ ಇಳಿಯಲ್ಲ. ಇಳಿಯಬಹುದಾದದ್ದು ಸಾಲ ಕೊಡೋರು ಮೇಲಿಂದ ಮೇಲೆ ವಿಚಾರಿಸಿದಾಗ.

ಉತ್ತರ 2: ಮಲ್ಲಿಗೆ_ಹಂಬು

ಮೇಲಿನವರು ಹೇಳಿದ್ದು ಸರಿ. ಮನೆ ಸಾಲ ಎದುರಿಗಿದೆ, ನಾಲ್ಕೂ ರಿಪೋರ್ಟ್ ಒಟ್ಟಿಗೇ ತೆಗೆಯಿರಿ. ಒಂದರಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ತಪ್ಪಿರೋದು ತೀರಾ ಸಾಮಾನ್ಯ.

ಬೈಕ್ ಸಾಲದ ಖಾತೆ ಬಿಚ್ಚಿ ಮೂರು ಸಾಲು ನೋಡಿ: ಈಗಿನ ಬಾಕಿ, ಮುಚ್ಚಿದ ದಿನಾಂಕ, ತಿಂಗಳವಾರು ‘ಡಿಪಿಡಿ’ (ಕಂತು ಎಷ್ಟು ದಿನ ತಡ ಅನ್ನೋ) ಪಟ್ಟಿ. ಬಾಕಿ ಸೊನ್ನೆ ಇದ್ದು ಮುಚ್ಚಿದ ದಿನಾಂಕ ಖಾಲಿ ಇದ್ದರೆ, ಹಣ ಜಮಾ ಆಗಿದೆ, ಆದರೆ ಬ್ಯಾಂಕಿನವರು ಸಾಲದ ಖಾತೆ ಮುಚ್ಚಿಲ್ಲ ಅಂತ. ಬಾಕಿ ಸಣ್ಣ ಮೊತ್ತ ಇದ್ದರೆ ಬಹುಶಃ ಚೆಕ್ ಬೌನ್ಸ್ ಅಥವಾ ತಡ ಶುಲ್ಕ ಉಳಿದಿರುತ್ತೆ, ಅದನ್ನು ಬ್ಯಾಂಕಲ್ಲೇ ಬಗೆಹರಿಸಿಕೊಳ್ಳಬೇಕು. ಡಿಪಿಡಿ ಪಟ್ಟಿಯಲ್ಲಿ 000 ಅಂದರೆ ತಡ ಇಲ್ಲ, 030 ಅಂದರೆ ಮೂವತ್ತು ದಿನ ತಡ. ‘ಸೆಟಲ್ಡ್’ ಅಂತ ಬಿದ್ದಿದ್ದರೆ ಗಾಬರಿಯಾಗಬೇಕಾದ್ದೇ. ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡಿರಿ ಅಂತ ಅದರ ಅರ್ಥ, ‘ಕ್ಲೋಸ್ಡ್’ಗೂ ಅದಕ್ಕೂ ಅಜಗಜಾಂತರ.

ಕ್ರೆಡಿಟ್ ಕಂಪನಿ ತಾನಾಗಿ ಏನನ್ನೂ ತಿದ್ದುವಂತಿಲ್ಲ, ಪೆನ್ನು ಇರೋದು ಸಾಲ ಕೊಟ್ಟವರ ಕೈಯಲ್ಲಿ. ಆದ್ದರಿಂದ ಎರಡೂ ಕಡೆ ದೂರು ಹಾಕಿ. ಕಂಪನಿಯ ಡಿಸ್ಪ್ಯೂಟ್ ಫಾರ್ಮ್‌ನಲ್ಲಿ (ಇದಕ್ಕೂ ಫೀಸ್ ಇಲ್ಲ) ರಿಪೋರ್ಟ್‌ನ ಕಂಟ್ರೋಲ್ ನಂಬರ್ (ಆ ರಿಪೋರ್ಟ್ ಗುರುತಿಸೋ ಸಂಖ್ಯೆ), ಖಾತೆ ಸಂಖ್ಯೆ, ಯಾವ ಸಾಲು ತಪ್ಪು, ಸರಿಯಾದದ್ದು ಏನು ಅಂತ ಬರೆಯಿರಿ. ಅದೇ ಮಾತನ್ನು ಎನ್‌ಒಸಿ, ಸಾಲದ ಸ್ಟೇಟ್‌ಮೆಂಟ್ ಲಗತ್ತಿಸಿ ಬ್ಯಾಂಕಿಗೆ ಇಮೇಲ್ ಮಾಡಿ. ದೂರಿನ ಸಂಖ್ಯೆ, ದಿನಾಂಕ ಜೋಪಾನ. ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರವನ್ನೂ ದೂರಿನಲ್ಲೇ ಕೊಡಿ, ಯಾಕೆ ಅಂತ ಕೆಳಗಿದೆ.

ಒಟ್ಟು ಗಡುವು 30 ದಿನ, ರಜೆಯೂ ಸೇರಿ. ಅದರಲ್ಲಿ ಬ್ಯಾಂಕಿಗೆ 21 ದಿನ. ದಾಟಿದರೆ ದಿನಕ್ಕೆ ₹100 ಪರಿಹಾರ ನಿಮಗೆ ಸಲ್ಲಬೇಕು, 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಉದಾಹರಣೆಗೆ ಜುಲೈ 1ಕ್ಕೆ ದೂರು ಕೊಟ್ಟರೆ ಜುಲೈ 31ಕ್ಕೆ ಗಡುವು ಮುಗಿಯಿತು. ಆಗಸ್ಟ್ 20ಕ್ಕೆ ಸರಿಯಾದರೆ 20 ದಿನ ತಡ, ₹2,000. ಬ್ಯಾಂಕ್ 21 ದಿನದಲ್ಲಿ ತಿದ್ದಿ ಕಳಿಸದಿದ್ದರೆ ಅದು ಕೊಡಬೇಕು, ಕಳಿಸಿದ ಮೇಲೂ ಕಂಪನಿ ತಡ ಮಾಡಿದರೆ ಕಂಪನಿ ಕೊಡಬೇಕು. ದೂರು ಬಗೆಹರಿದ 5 ಕೆಲಸದ ದಿನಗಳೊಳಗೆ ಹಣ ಖಾತೆಗೆ ಬರಬೇಕು.

ಹೇಮಾವತಿ_ದಡ

ತುಂಬಾ ಧನ್ಯವಾದ. ಬ್ಯಾಂಕಿನವರು ‘ನಮ್ಮ ದಾಖಲೆ ಸರಿ ಇದೆ’ ಅಂತ ಕೈತೊಳೆದುಕೊಂಡರೆ? ಸ್ಕೋರ್ ಕಡಿಮೆ ಲೆಕ್ಕ ಹಾಕಿದ್ದಾರೆ ಅಂತಲೂ ದೂರಬಹುದಾ?

ಉತ್ತರ 3: ತೆಂಗಿನ_ಗರಿ

ಸುಮ್ಮನೆ ‘ಸರಿ ಇದೆ’ ಅಂದರೆ ಸಾಲದು, ತಿರಸ್ಕರಿಸಿದರೆ ಕಾರಣ ಕೊಡಬೇಕು. ಕಾರಣ ಒಪ್ಪಿಗೆಯಾಗದಿದ್ದರೆ, ಅಥವಾ 30 ದಿನವಾದರೂ ಉತ್ತರವೇ ಬರದಿದ್ದರೆ, ಆರ್‌ಬಿಐನ ದೂರು ವೆಬ್‌ಸೈಟ್ ಸಿಎಂಎಸ್‌ನಲ್ಲಿ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸೋ ಆರ್‌ಬಿಐ ಅಧಿಕಾರಿ) ದೂರು ಕೊಡಿ. ಅದೂ ಉಚಿತ. ಕ್ರೆಡಿಟ್ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಒಂಬುಡ್ಸ್‌ಮನ್ ವ್ಯಾಪ್ತಿಯಲ್ಲಿವೆ. ಮೊದಲು ಬ್ಯಾಂಕಿಗೆ ದೂರು ಕೊಡದೆ ನೇರ ಅಲ್ಲಿಗೆ ಹೋದರೆ ಮಾತ್ರ ವಾಪಸ್ ಬರುತ್ತೆ.

ಸ್ಕೋರ್ ಲೆಕ್ಕ ಹಾಕುವ ವಿಧಾನದ ಬಗ್ಗೆ ದೂರಿದರೆ ದಿನಕ್ಕೆ ₹100ರ ಪರಿಹಾರ ಅನ್ವಯಿಸಲ್ಲ. ದೂರನ್ನು ‘ಸ್ಕೋರ್ ಕಮ್ಮಿ’ ಅಂತ ಬರೆಯಬೇಡಿ, ‘ಇಂಥ ಖಾತೆ ಮುಚ್ಚಿದ ದಿನಾಂಕ ಇಲ್ಲ’ ಅಂತ ಬರೆಯಿರಿ. ಮಾಹಿತಿ ಸರಿಯಾದರೆ ಸ್ಕೋರ್ ಅದರ ಹಿಂದೆ ಬರುತ್ತೆ.

ಇನ್ನೊಂದು ಹಕ್ಕು ಬಹಳ ಜನಕ್ಕೆ ಗೊತ್ತಿಲ್ಲ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಮಿನಂತೆ, ನೀವು ಸಾಲಕ್ಕೆ ಅರ್ಜಿ ಹಾಕಿದ ಸಂಸ್ಥೆ ನಿಮ್ಮ ಬಗ್ಗೆ ತರಿಸಿಕೊಂಡ ರಿಪೋರ್ಟಿನ ಪ್ರತಿಯನ್ನು ನೀವು ಕೇಳಬಹುದು. ಇದಕ್ಕೆ ನಿಗದಿತ ಶುಲ್ಕ ಇರುತ್ತೆ. ನಿಮ್ಮ ಮನೆ ಸಾಲದ ಬ್ಯಾಂಕಲ್ಲಿ ಇದನ್ನೇ ಬರವಣಿಗೆಯಲ್ಲಿ ಕೇಳಿ, ಅವರು ಯಾವ ಕಂಪನಿಯ ರಿಪೋರ್ಟ್ ನೋಡಿ ಹೇಳಿದರು ಅನ್ನೋದು ತಿಳಿಯುತ್ತೆ.

ಹಾಗೇ ರಿಪೋರ್ಟ್ ಬಿಚ್ಚಿದಾಗ ಜಾಮೀನು ಹಾಕಿದ ಸಾಲಗಳನ್ನೂ ನೋಡಿಬಿಡಿ, ಅವೂ ನಿಮ್ಮ ಹೆಸರಲ್ಲೇ ಬಂದಿರುತ್ತವೆ. ತಿದ್ದುಪಡಿ ಆಯ್ತು ಅಂತ ಸಂದೇಶ ಬಂದ ಮೇಲೆ ಉಳಿದ ಮೂರು ಕಂಪನಿಗಳಲ್ಲೂ ಅದೇ ತಪ್ಪು ಇದೆಯಾ ಪರೀಕ್ಷಿಸಿ, ಇದ್ದರೆ ಅಲ್ಲೂ ಪ್ರತ್ಯೇಕ ಡಿಸ್ಪ್ಯೂಟ್ ಹಾಕಿ.