12 ವೋಲ್ಟ್ ಟೆಸ್ಲಾ ಕಾಯಿಲ್ ಕಿಟ್: ಟ್ರಾನ್ಸಿಸ್ಟರ್ ಕಾಯುತ್ತೆ, ಸಿಎಫ್ಎಲ್ ಹತ್ತಲ್ಲ

ದಾವಣಗೆರೆ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಗಳ ಶಾಲೆಯಲ್ಲಿ ಪ್ರದರ್ಶನ ಇದೆ. ಅದಕ್ಕೆ ಸ್ಲೇಯರ್ ಎಕ್ಸೈಟರ್ ಕಿಟ್ ತರಿಸಿದೆವು. ಒಂದೇ ಟ್ರಾನ್ಸಿಸ್ಟರಿನಲ್ಲಿ ನಡೆಯೋ ಪುಟ್ಟ ಟೆಸ್ಲಾ ಕಾಯಿಲ್ ಅದು, ಹತ್ತಿರ ಹಿಡಿದ ಸಿಎಫ್ಎಲ್ ಬಲ್ಬ್ ವೈರ್ ಇಲ್ಲದೆ ಹತ್ತಬೇಕು. 2ಎನ್2222 ಟ್ರಾನ್ಸಿಸ್ಟರ್, 22 ಕಿಲೋಓಮ್ ರೆಸಿಸ್ಟರ್, ಕೆಂಪು ಎಲ್ಇಡಿ, ಅಷ್ಟೇ. ಸೆಕೆಂಡರಿಗೆ, ಅಂದರೆ ಹೈವೋಲ್ಟೇಜ್ ಬರೋ ದೊಡ್ಡ ಸುರುಳಿಗೆ, ಪಿ.ಬಿ. ರಸ್ತೆ ಕಡೆಯ ಪಂಪ್‌ಸೆಟ್ ವೈಂಡಿಂಗ್ ಅಂಗಡಿಯಿಂದ 36 ಗೇಜ್ ವೈರ್ ತಂದು, 20 ಮಿ.ಮೀ. ಪಿವಿಸಿ ಪೈಪಿಗೆ 300 ಸುತ್ತು ಸುತ್ತಿದ್ದೇವೆ. ಕರೆಂಟ್ ಕೊಡೋ ಪ್ರೈಮರಿ ಸುರುಳಿ 3 ಸುತ್ತು.

ಅಡಾಪ್ಟರ್ ಹಾಕಿದರೆ ಎಲ್ಇಡಿ ಹತ್ತಲ್ಲ. ಸಿಎಫ್ಎಲ್ ಪಕ್ಕದಲ್ಲೇ ಹಿಡಿದರೂ ಬೆಳಕಿಲ್ಲ. ಟ್ರಾನ್ಸಿಸ್ಟರ್ ಮಾತ್ರ ಮುಟ್ಟೋಕೆ ಆಗದಷ್ಟು ಕಾಯುತ್ತೆ. ಹೊಸದು ಹಾಕಿದರೂ ಹಾಗೇ. ಏನು ನೋಡಬೇಕು?

ಹರಿಹರದವ:
ಪವರ್ ತೆಗೆದು ಸೆಕೆಂಡರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಎಷ್ಟು ಓಮ್ ಬರುತ್ತೆ?

ದಾವಣಗೆರೆ ಹವ್ಯಾಸಿ:
ಏನೂ ಬರ್ತಿಲ್ಲ ಸರ್. ಎಡಗಡೆ ಬರೀ 1 ನಿಂತಿದೆ.

ದುರ್ಗದ ರೇಡಿಯೋ:
ಬರೀ 1 ಅಂದರೆ ಸಂಪರ್ಕವೇ ಇಲ್ಲ ಅಂತ. ಹಾಗಾದರೆ ಟ್ರಾನ್ಸಿಸ್ಟರ್ ಬದಲಾಯಿಸುತ್ತಾ ಹೋಗಬೇಡಿ, ಸುಮ್ನೆ ದುಡ್ಡು ದಂಡ. ಸೆಕೆಂಡರಿಯೇ ಸರ್ಕ್ಯೂಟಿಗೆ ಸೇರಿಲ್ಲ. ವೈಂಡಿಂಗ್ ವೈರ್ ನೋಡೋಕೆ ತಾಮ್ರದ ಬಣ್ಣವೇ ಇರುತ್ತೆ, ಆದರೆ ಮೇಲೆ ಎನಾಮಲ್, ಅಂದರೆ ಕರೆಂಟ್ ತಡೆಯೋ ತೆಳು ಲೇಪ ಇರುತ್ತೆ. ಅದರ ಮೇಲೆ ಬೆಸುಗೆ ಕೂತಂತೆ ಕಂಡರೂ ಕರೆಂಟ್ ದಾಟಲ್ಲ. ತುದಿಯ ಒಂದು ಸೆಂಟಿಮೀಟರನ್ನು ಎಮರಿ ಪೇಪರ್ ನಡುವೆ ಹಿಡಿದು, ತಿರುಗಿಸುತ್ತಾ ನಿಧಾನವಾಗಿ ಎಳೆಯಿರಿ. ಸುತ್ತಲೂ ಹೊಳೆಯುವ ತಾಮ್ರ ಕಾಣಬೇಕು. ಬ್ಲೇಡ್ ಬೇಡ. 36 ಗೇಜ್ ಅಂದರೆ 0.2 ಮಿ.ಮೀ.ಗಿಂತ ಕಡಿಮೆ, ಒಂದು ಗೀರು ಬಿದ್ದರೂ ಆಮೇಲೆ ಅಲ್ಲೇ ಮುರಿಯುತ್ತೆ.

ನಿಮ್ಮ ಲೆಕ್ಕಕ್ಕೆ ಸುಮಾರು 19 ಮೀಟರ್ ವೈರ್ ಆಗುತ್ತೆ. ಮೀಟರಿನಲ್ಲಿ 11 ಓಮ್ ಆಸುಪಾಸು ಬರಬೇಕು.

ಕಾಯೋದು ಯಾಕೆ ಅಂತ ಹೇಳ್ತೀನಿ. 22 ಕಿಲೋಓಮ್ ಮೂಲಕ ಟ್ರಾನ್ಸಿಸ್ಟರಿನ ಕಂಟ್ರೋಲ್ ಕಾಲಾದ ಬೇಸ್‌ಗೆ ಅರ್ಧ ಮಿಲಿಆಂಪಿಯರ್ ಸದಾ ಹೋಗುತ್ತಲೇ ಇರುತ್ತೆ. ಗೇನ್, ಅಂದರೆ ಆ ಕರೆಂಟ್ ಎಷ್ಟು ಪಟ್ಟು ಆಗುತ್ತೆ ಅನ್ನೋದು, 150 ಅಂತ ಹಿಡಿದರೆ ಕಲೆಕ್ಟರ್ ಕಾಲಿನಲ್ಲಿ 75 ಮಿಲಿಆಂಪಿಯರ್. ಪ್ರೈಮರಿ ಬರೀ ಮೂರು ಸುತ್ತು ವೈರ್. ಆಸಿಲೇಶನ್ (ಕರೆಂಟ್ ವೇಗವಾಗಿ ಏರಿಳಿಯೋದು) ಶುರುವಾಗದಿದ್ದರೆ ಅದು ಏನನ್ನೂ ತಡೆಯಲ್ಲ. 12 ವೋಲ್ಟ್ ಪೂರ್ತಿ ಟ್ರಾನ್ಸಿಸ್ಟರ್ ಮೇಲೇ ಬೀಳುತ್ತೆ, ಅಂದರೆ 0.9 ವ್ಯಾಟ್. ಆ ಪ್ಲಾಸ್ಟಿಕ್ ಮೈಗೆ ತಡೆಯೋ ಶಕ್ತಿ 0.6 ವ್ಯಾಟ್ ಅಷ್ಟೇ.

ದಾವಣಗೆರೆ ಹವ್ಯಾಸಿ:
ಉಜ್ಜಿ ಬೆಸುಗೆ ಹಾಕಿದ ಮೇಲೆ 11.4 ಓಮ್ ಬಂತು. ಆದರೂ ಎಲ್ಇಡಿ ಕತ್ತಲೇ.

ದುರ್ಗದ ರೇಡಿಯೋ:
ಒಳ್ಳೇದು, ಅರ್ಧ ಕೆಲಸ ಆಯ್ತು. ಈಗ ಪವರ್ ತೆಗೆದು ಪ್ರೈಮರಿಯ ಎರಡು ತುದಿ ಅದಲು ಬದಲು ಮಾಡಿ. ಸೆಕೆಂಡರಿಯಿಂದ ವಾಪಸ್ ಬರುವ ಸಿಗ್ನಲ್ ಬೇಸ್‌ಗೆ ಒತ್ತು ಕೊಡಬೇಕು. ದಿಕ್ಕು ತಪ್ಪಿದರೆ ಅದೇ ಸಿಗ್ನಲ್ ಆಸಿಲೇಶನ್ನನ್ನು ಅದುಮಿಬಿಡುತ್ತೆ. ಈ ಸರ್ಕ್ಯೂಟಿನಲ್ಲಿ ಜಾಸ್ತಿ ಕಾಡೋದು ಇದೇ.

ಎಲ್ಇಡಿ ನೆಗೆಟಿವ್ ಕಾಲು ಬೇಸ್ ಕಡೆಗೇ ಇದೆಯಾ ನೋಡಿ. ಹಾಗಿದ್ದರೆ ಅದೇ ನಿಮ್ಮ ಮೀಟರ್. ಬೇಸ್ ಸೊನ್ನೆಗಿಂತ ಕೆಳಗೆ ಹೋದಾಗ ಮಾತ್ರ, ಅಂದರೆ ಆಸಿಲೇಶನ್ ಇದ್ದಾಗ ಮಾತ್ರ ಅದು ಹತ್ತೋದು.

ಹರಿಹರದವ:
ಟ್ರಾನ್ಸಿಸ್ಟರ್ ಮೇಲೆ ಬರೆದಿರೋ ಅಕ್ಷರವನ್ನೂ ಓದಿ. 2ಎನ್2222 ಅಂತ ಮಾರೋ ಪ್ಲಾಸ್ಟಿಕ್ ಮೈಯದರಲ್ಲಿ ಎರಡು ಬಗೆ, ಕಾಲಿನ ಕ್ರಮ ಬೇರೆ ಬೇರೆ. ಚಪ್ಪಟೆ ಮುಖ ನಮ್ಮ ಕಡೆ ಇಟ್ಟು, ಕಾಲು ಕೆಳಗೆ ಮಾಡಿದರೆ ಪಿಎನ್2222ಗೆ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಪಿ2ಎನ್2222ಗೆ ಪೂರ್ತಿ ಉಲ್ಟಾ. ಅಂಗಡಿಯಲ್ಲಿ ಎರಡನ್ನೂ ಒಂದೇ ಡಬ್ಬಿಯಿಂದ ಕೊಟ್ಟುಬಿಡ್ತಾರೆ.

ದಾವಣಗೆರೆ ಹವ್ಯಾಸಿ:
ಪ್ರೈಮರಿ ತಿರುಗಿಸಿದ ತಕ್ಷಣ ಎಲ್ಇಡಿ ಹತ್ತಿತು! ಕೆಟ್ಟು ಮೂಲೆಗೆ ಬಿದ್ದಿದ್ದ ಸಿಎಫ್ಎಲ್ ಕೂಡ ವೈರ್ ಇಲ್ಲದೆ ಬೆಳಗ್ತಿದೆ. ಮಗಳು ಅದನ್ನು ಕೆಳಗೇ ಇಡ್ತಿಲ್ಲ.

ಇನ್ನೊಂದು ಪ್ರಶ್ನೆ. ಗುಜರಿಯಲ್ಲಿ ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಸಿಗುತ್ತೆ. ಅದನ್ನು ಹಾಕಿದರೆ ದೊಡ್ಡ ಕಿಡಿ ಬರುತ್ತಾ?

ದುರ್ಗದ ರೇಡಿಯೋ:
ಬೇಡ. ದಯವಿಟ್ಟು ಮನೆಗೇ ತರಬೇಡಿ. ನಿಮ್ಮ ಕಿಟ್‌ನ ಹೊರಗೆ ಬರೋದು ಕೆಲವೇ ವ್ಯಾಟ್. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತೆ. ಜೊತೆಗೆ ಅರ್ಧ ಆಂಪಿಯರ್‌ವರೆಗೆ ಕರೆಂಟ್, ಅದೂ 50 ಹರ್ಟ್ಸ್‌ನಲ್ಲಿ. 0.1 ಆಂಪಿಯರ್ ಎದೆಯ ಮೂಲಕ ಹೋದರೆ ಜೀವವೇ ಹೋಗಬಹುದು. ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಕಾಪಾಡುತ್ತೆ ಅಂದುಕೊಳ್ಳಬೇಡಿ. ಅದು ನೋಡೋದು ಮೇನ್ಸ್ ಕಡೆಯ ಫೇಸ್, ನ್ಯೂಟ್ರಲ್ ವ್ಯತ್ಯಾಸ. ಸೆಕೆಂಡರಿಯಲ್ಲಿ ಮನುಷ್ಯ ಸಿಕ್ಕಿಕೊಂಡರೆ ಅದಕ್ಕೆ ಗೊತ್ತೇ ಆಗಲ್ಲ. ಮರದ ಮೇಲೆ ಸುಟ್ಟು ಚಿತ್ತಾರ ಮಾಡೋಕೆ ಇದನ್ನೇ ಬಳಸಿ ಅಮೆರಿಕದಲ್ಲಿ ಎಷ್ಟೋ ಹವ್ಯಾಸಿಗಳು ಸತ್ತಿದ್ದಾರೆ. ಹಳೇ ಟಿವಿಯ ಫ್ಲೈಬ್ಯಾಕ್ (ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಕೂಡ ಶಾಲೆಯ ಮೇಜಿನ ಮೇಲೆ ಬೇಡ.

ಬೆಳಕು ಜಾಸ್ತಿ ಬೇಕಾದರೆ ಟಿಐಪಿ31ಸಿ ಅನ್ನೋ ದೊಡ್ಡ ಟ್ರಾನ್ಸಿಸ್ಟರ್ ಹಾಕಿ, ಕಾವು ಹೊರಹಾಕೋ ಹೀಟ್‌ಸಿಂಕ್ ಕೊಡಿ. ಅದರ ಲೋಹದ ಬೆನ್ನು ಕಲೆಕ್ಟರಿಗೆ ಸೇರಿರುತ್ತೆ, ಬೇರೆ ಯಾವುದಕ್ಕೂ ತಾಗಬಾರದು. ಬೋರ್ಡಿನ ಹತ್ತಿರವೇ ಪ್ಲಸ್, ಮೈನಸ್ ನಡುವೆ 470 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಹಾಕಿ.

ಪ್ರದರ್ಶನದಲ್ಲಿ ಕಾಯಿಲ್ ತುದಿಯನ್ನು ಮಕ್ಕಳು ಮುಟ್ಟದ ಹಾಗೆ ಅಕ್ರಿಲಿಕ್ ಡಬ್ಬಿ ಮುಚ್ಚಿ. ಬೆಳಕು ಅದರಾಚೆಗೂ ಹತ್ತುತ್ತೆ. ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಶಾಕ್ ಹೊಡೆದಂತೆ ಅನಿಸಲ್ಲ, ಆದರೆ ಚರ್ಮ ಸುಡುತ್ತೆ. ಪೇಸ್‌ಮೇಕರ್ ಇರುವವರು, ಕಿವಿಯ ಮಿಷನ್ ಹಾಕಿಕೊಂಡವರು ದೂರ ನಿಲ್ಲಲಿ. ಸ್ವಿಚ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆನ್ ಇರುವಂಥದ್ದು ಹಾಕಿ, ಅದು ಮಗಳ ಕೈಯಲ್ಲೇ ಇರಲಿ.