ಪದಚರ್ಚೆ: ಅರೆವಾಹಕದ ಎಲೆಕ್ಟ್ರಾನಿಗೆ ‘ವಿಶ್ರಾಂತಿ’ ಒಪ್ಪುತ್ತದೆಯೇ?

ಮಾನ್ಯರೇ,

ಲೇಸರ್ ಬೆಳಕಿನ ಅತಿ ಕಿರಿದಾದ ಮಿಡಿತಗಳನ್ನು ಬಳಸಿ ಅರೆವಾಹಕದೊಳಗಿನ ಎಲೆಕ್ಟ್ರಾನುಗಳ ನಡವಳಿಕೆಯನ್ನು ಅರಿಯುವ ವಿಧಾನದ ಬಗ್ಗೆ, ಪದವಿ ತರಗತಿಯ ಭೌತವಿಜ್ಞಾನ ಬಲ್ಲ ಓದುಗರಿಗಾಗಿ ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ಅರೆವಾಹಕ, ಶಕ್ತಿಪಟ್ಟಿ, ರಂಧ್ರ, ಜಾಲಕ, ಫೋಟಾನ್ ಮುಂತಾದವು ಈಗಾಗಲೇ ನೆಲೆಯೂರಿರುವ ಪದಗಳಾದ್ದರಿಂದ ಅವುಗಳಲ್ಲಿ ತೊಡಕಿಲ್ಲ. ತೊಡಕಿರುವುದು ಮುಖ್ಯವಾಗಿ, ಬೆಳಕಿನಿಂದ ಉದ್ರೇಕಗೊಂಡ ಎಲೆಕ್ಟ್ರಾನು ಮತ್ತೆ ಸಹಜ ಸ್ಥಿತಿಗೆ ಮರಳುವುದನ್ನು ಹೇಳುವ ‘ರಿಲ್ಯಾಕ್ಸೇಷನ್’ ಎಂಬ ಪದದಲ್ಲಿ. ಇದನ್ನು ‘ವಿಶ್ರಾಂತಿ’ ಎಂದೂ ‘ಸಡಿಲಿಕೆ’ ಎಂದೂ ಬರೆಯುವುದುಂಟು. ಆದರೆ ಈ ವಿಷಯದಲ್ಲಿ ಆ ಎರಡೂ ಓದುಗನನ್ನು ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳಲು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಗ್ಯಾಲಿಯಂ ಆರ್ಸನೈಡ್ ಹರಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೋಣೆಯ ತಾಪದಲ್ಲಿ ಅದರ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನುಗಳು ತುಂಬಿರುವ ಕೆಳಪಟ್ಟಿಗೂ ಬಹುಮಟ್ಟಿಗೆ ಖಾಲಿಯಿರುವ ಮೇಲಿನ ಪಟ್ಟಿಗೂ ನಡುವಿನ ಅಂತರ, ಸುಮಾರು 1.42 ಎಲೆಕ್ಟ್ರಾನ್ ವೋಲ್ಟ್. ಇಂಥ ಪ್ರಯೋಗಗಳಲ್ಲಿ ಬಹುವಾಗಿ ಬಳಕೆಯಾಗುವ ಟೈಟಾನಿಯಂ-ಸಫೈರ್ ಲೇಸರಿನ 800 ನ್ಯಾನೊಮೀಟರ್ ತರಂಗದೂರದ ಒಂದು ಫೋಟಾನಿನ ಶಕ್ತಿ 1.55 ಎಲೆಕ್ಟ್ರಾನ್ ವೋಲ್ಟ್. ಫೋಟಾನನ್ನು ಹೀರಿಕೊಂಡ ಎಲೆಕ್ಟ್ರಾನು ಕೆಳಪಟ್ಟಿಯಲ್ಲಿ ಒಂದು ರಂಧ್ರವನ್ನು (ತಾನಿದ್ದ ಖಾಲಿ ಜಾಗವನ್ನು) ಬಿಟ್ಟು ಮೇಲಿನ ಪಟ್ಟಿಗೆ ಏರಿದಾಗ, ಪಟ್ಟಿಯಂಚಿಗಿಂತ ಮೇಲೆ ಉಳಿಯುವ ಹೆಚ್ಚುವರಿ ಶಕ್ತಿ 0.13 ಎಲೆಕ್ಟ್ರಾನ್ ವೋಲ್ಟಿನಷ್ಟು. ಎಲೆಕ್ಟ್ರಾನಿನ ಪರಿಣಾಮಕ ರಾಶಿ (ಹರಳಿನೊಳಗೆ ಚಲಿಸುವಾಗ ಅದು ತೋರುವ ರಾಶಿ) ರಂಧ್ರದ ರಾಶಿಗಿಂತ ಬಹಳ ಕಡಿಮೆಯಿರುವುದರಿಂದ ಈ ಹೆಚ್ಚುವರಿಯ ದೊಡ್ಡ ಪಾಲು, ಅಂದರೆ ಸುಮಾರು 0.11 ಎಲೆಕ್ಟ್ರಾನ್ ವೋಲ್ಟ್, ಎಲೆಕ್ಟ್ರಾನಿಗೇ ಸಲ್ಲುತ್ತದೆ. ಇಲ್ಲಿಂದ ಮುಂದೆ ಆ ಎಲೆಕ್ಟ್ರಾನಿಗೆ ಏನಾಗುತ್ತದೆ ಎಂಬುದನ್ನೆಲ್ಲ ‘ರಿಲ್ಯಾಕ್ಸೇಷನ್’ ಎಂಬ ಒಂದೇ ಪದದಲ್ಲಿ ಹೇಳಿಬಿಡುವ ರೂಢಿಯಿದೆ. ಆದರೆ ಆಗುವುದು ಒಂದು ಸಂಗತಿಯಲ್ಲ, ನಾಲ್ಕು.

ಮೊದಲನೆಯದು, ಬೆಳಕಿನ ತರಂಗದೊಡನೆ ಒಂದೇ ತಾಳದಲ್ಲಿ ತೊನೆಯುತ್ತಿದ್ದ ಎಲೆಕ್ಟ್ರಾನ್-ರಂಧ್ರ ಜೋಡಿಗಳು ಪರಸ್ಪರ ಡಿಕ್ಕಿಯಿಂದ ಆ ತಾಳವನ್ನು ಕಳೆದುಕೊಳ್ಳುವುದು. ಜೋಡಿಗಳು ದಟ್ಟವಾಗಿದ್ದರೆ ಇದು ಹತ್ತಾರು ಫೆಮ್ಟೊಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದಾಗ ಸಿಗುವ ಕಾಲ. ಅಷ್ಟರಲ್ಲಿ ಬೆಳಕು ಕ್ರಮಿಸುವ ದೂರ ಕೇವಲ 0.3 ಮೈಕ್ರೊಮೀಟರ್. ಎರಡನೆಯದು, ಎಲೆಕ್ಟ್ರಾನುಗಳು ತಮ್ಮತಮ್ಮಲ್ಲೇ ಡಿಕ್ಕಿಯಾಡುತ್ತ ಶಕ್ತಿಯನ್ನು ಹಂಚಿಕೊಳ್ಳುವುದು. ಇದಕ್ಕೆ ನೂರರ ಆಸುಪಾಸಿನ ಫೆಮ್ಟೊಸೆಕೆಂಡುಗಳು ಸಾಕು. ಮೂರನೆಯದು, ಹೀಗೆ ಹಂಚಿಹೋದ ಶಕ್ತಿಯನ್ನು ಜಾಲಕದ (ಹರಳಿನ ಪರಮಾಣುಗಳ ಚೌಕಟ್ಟಿನ) ಕಂಪನಗಳಿಗೆ, ಅಂದರೆ ಫೋನಾನುಗಳಿಗೆ, ಕಂತುಕಂತಾಗಿ ಬಿಟ್ಟುಕೊಡುವುದು. ಗ್ಯಾಲಿಯಂ ಆರ್ಸನೈಡಿನಲ್ಲಿ ಒಂದು ಕಂತು 36 ಮಿಲಿ ಎಲೆಕ್ಟ್ರಾನ್ ವೋಲ್ಟ್, ಆದ್ದರಿಂದ ನಮ್ಮ ಎಲೆಕ್ಟ್ರಾನು ಮೂರು ಕಂತುಗಳಲ್ಲಿ ಹೆಚ್ಚುಕಡಿಮೆ ಪಟ್ಟಿಯಂಚಿಗೆ ಇಳಿದುಬಿಡುತ್ತದೆ. ಎಲೆಕ್ಟ್ರಾನುಗಳ ದಂಡೇ ಇದ್ದಾಗ ಹೊರಬಿದ್ದ ಫೋನಾನುಗಳು ಚದುರುವ ಮೊದಲೇ ಅವುಗಳನ್ನು ಬೇರೆ ಎಲೆಕ್ಟ್ರಾನುಗಳು ಮರಳಿ ಹೀರುವುದರಿಂದ ಈ ಇಳಿತ ಹಲವು ಪಿಕೊಸೆಕೆಂಡುಗಳವರೆಗೆ (ಒಂದು ಪಿಕೊಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್) ಎಳೆಯುವುದುಂಟು. ನಾಲ್ಕನೆಯದು, ಪಟ್ಟಿಯಂಚಿನಲ್ಲಿ ಕುಳಿತ ಎಲೆಕ್ಟ್ರಾನು ರಂಧ್ರವನ್ನು ಮತ್ತೆ ಸೇರಿ, ಬಹುಮಟ್ಟಿಗೆ ಬೆಳಕನ್ನು ಹೊಮ್ಮಿಸಿ, ಇಬ್ಬರೂ ಲೆಕ್ಕದಿಂದ ಹೊರಬೀಳುವುದು. ಇದು ನ್ಯಾನೊಸೆಕೆಂಡುಗಳ, ಅಂದರೆ ಸಾವಿರಾರು ಪಿಕೊಸೆಕೆಂಡುಗಳ, ಮಾತು. ಶುದ್ಧ ಸಿಲಿಕಾನಿನಲ್ಲಾದರೆ, ಅಲ್ಲಿ ಫೋನಾನಿನ ನೆರವಿಲ್ಲದೆ ಈ ಸೇರುವಿಕೆ ಸಾಧ್ಯವಾಗದ ಕಾರಣ, ಮೈಕ್ರೊಸೆಕೆಂಡಿನಿಂದ ಮಿಲಿಸೆಕೆಂಡುಗಳವರೆಗೂ ಹೋಗುತ್ತದೆ.

ಗ್ಯಾಲಿಯಂ ಆರ್ಸನೈಡ್ ಒಂದರಲ್ಲಿಯೇ ಮೊದಲ ಸಂಗತಿಗೂ ಕೊನೆಯದಕ್ಕೂ ಕಾಲದಲ್ಲಿ ಲಕ್ಷ ಪಟ್ಟು ಅಂತರವಿದೆ. ಒಂದೇ ಪುಟದಲ್ಲಿ ‘ವಿಶ್ರಾಂತಿಕಾಲ 200 ಫೆಮ್ಟೊಸೆಕೆಂಡ್’ ಎಂದೂ ‘ವಿಶ್ರಾಂತಿಕಾಲ 1 ನ್ಯಾನೊಸೆಕೆಂಡ್’ ಎಂದೂ ಬಂದರೆ ಓದುಗ ಅಚ್ಚಿನ ತಪ್ಪೆಂದು ತಿಳಿಯುವುದು ಸಹಜ. ಅರ್ಥದ ದೃಷ್ಟಿಯಿಂದಲೂ ‘ವಿಶ್ರಾಂತಿ’ ಸಲ್ಲದು. ಹೆಚ್ಚುವರಿ ಶಕ್ತಿಯನ್ನೆಲ್ಲ ಕಳೆದುಕೊಂಡು ಕೋಣೆಯ ತಾಪಕ್ಕೆ ಬಂದ ಎಲೆಕ್ಟ್ರಾನು ಆ ಹರಳಿನಲ್ಲಿ ಸೆಕೆಂಡಿಗೆ ನಾಲ್ಕು ಲಕ್ಷ ಮೀಟರಿಗೂ ಮಿಕ್ಕ ವೇಗದಲ್ಲಿ ಅಡ್ಡಾದಿಡ್ಡಿ ಓಡುತ್ತಲೇ ಇರುತ್ತದೆ. ಅದನ್ನು ವಿಶ್ರಾಂತಿ ಎನ್ನಲು ಬಾಯಿ ಬರುವುದಿಲ್ಲ. ‘ಸಡಿಲಿಕೆ’ ಎಂಬುದು ಬಿಗಿದದ್ದನ್ನು ಸಡಿಲಿಸುವ ಮಾತಾದ್ದರಿಂದ, ಎಳೆದುಹಿಡಿದ ತಂತಿಯ ಒತ್ತಡ ಕಾಲಕ್ರಮದಲ್ಲಿ ಇಳಿಯುವುದಕ್ಕೆ ಚೆನ್ನಾಗಿ ಒಪ್ಪುತ್ತದೆ, ಎಲೆಕ್ಟ್ರಾನಿಗಲ್ಲ.

ನಾಲ್ಕಕ್ಕೂ ಒಟ್ಟಾಗಿ ಒಂದು ಪದ ಬೇಕೇಬೇಕೆನ್ನುವ ಸಂದರ್ಭದಲ್ಲಿ ‘ಶಮನ’ವನ್ನು ಬಳಸಬಹುದೇ ಎಂದು ಯೋಚಿಸುತ್ತಿದ್ದೇನೆ. ಪರಮಾಣುವಿನ ‘ಉದ್ರಿಕ್ತ ಸ್ಥಿತಿ’ ಎಂದು ನಾವು ಬರೆಯುತ್ತಲೇ ಬಂದಿದ್ದೇವೆ, ಉದ್ರೇಕಕ್ಕೆ ಎದುರಾದ ಮಾತು ಕನ್ನಡದಲ್ಲಿ ಶಮನವೇ. ‘ಶಮನಕಾಲ’ ಎಂಬ ಸಮಾಸವೂ ಸಲೀಸಾಗಿದೆ. ಯಾರೋ ಶಮನ ಮಾಡಿದರು ಎಂಬ ಕರ್ತೃಭಾವ, ಕಾಯಿಲೆ-ಕೋಪಗಳ ನೆನಪು ಅದರೊಂದಿಗೆ ಬರುತ್ತವೆ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ‘ವಿಶ್ರಾಂತಿ’ಯಷ್ಟು ಸುಳ್ಳು ಹೇಳುವುದಿಲ್ಲ.

ಬಿಡಿ ಪದಗಳಲ್ಲಿ ನನ್ನನ್ನು ಹೆಚ್ಚು ಕಾಡಿರುವುದು ಎರಡನೆಯದು ಮತ್ತು ಮೂರನೆಯದು. ಎರಡನೆಯ ಹಂತವನ್ನು ‘ಥರ್ಮಲೈಸೇಷನ್’ ಎನ್ನುತ್ತಾರೆ. ಅದನ್ನು ‘ಉಷ್ಣೀಕರಣ’ ಎಂದುಬಿಟ್ಟರೆ ಏನನ್ನೋ ಬಿಸಿಮಾಡಿದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಈ ಹಂತದಲ್ಲಿ ಎಲೆಕ್ಟ್ರಾನುಗಳ ಒಟ್ಟು ಶಕ್ತಿ ಹೆಚ್ಚುವುದೂ ಇಲ್ಲ, ಗಮನಾರ್ಹವಾಗಿ ಕಡಿಮೆಯಾಗುವುದೂ ಇಲ್ಲ. ಆಗುವುದು ಹಂಚಿಕೆ ಮಾತ್ರ. ಲೇಸರ್ ಮಿಡಿತ ಬಡಿದ ಕೂಡಲೇ ಎಲೆಕ್ಟ್ರಾನುಗಳೆಲ್ಲ ಸರಿಸುಮಾರು ಒಂದೇ ಶಕ್ತಿಮಟ್ಟದಲ್ಲಿ ಗುಂಪುಗೂಡಿರುತ್ತವೆ, ಆಗ ಅವುಗಳ ತಾಪ ಎಷ್ಟು ಎಂಬ ಪ್ರಶ್ನೆಗೇ ಅರ್ಥವಿಲ್ಲ. ಡಿಕ್ಕಿಗಳ ಫಲವಾಗಿ ಕೆಲವು ಮೇಲಕ್ಕೂ ಹಲವು ಕೆಳಕ್ಕೂ ಹರಡಿ ಫರ್ಮಿ-ಡಿರಾಕ್ ಹಂಚಿಕೆ (ಒಂದು ತಾಪದಲ್ಲಿ ಯಾವ ಶಕ್ತಿಮಟ್ಟದಲ್ಲಿ ಎಷ್ಟು ಎಲೆಕ್ಟ್ರಾನುಗಳು ಇರುತ್ತವೆ ಎಂಬ ನಿಯತ ವಿನ್ಯಾಸ) ಏರ್ಪಟ್ಟ ಮೇಲಷ್ಟೇ ತಾಪ ಎಂಬ ಒಂದು ಸಂಖ್ಯೆಯನ್ನು ಅವುಗಳಿಗೆ ಆರೋಪಿಸಬಹುದು. ನಮ್ಮ ಉದಾಹರಣೆಯಲ್ಲಿ ಅದು 900 ಕೆಲ್ವಿನಿನ ಆಸುಪಾಸು, ಅದೇ ಹೊತ್ತಿನಲ್ಲಿ ಸುತ್ತಲಿನ ಜಾಲಕ ಇನ್ನೂ 300 ಕೆಲ್ವಿನಿನಲ್ಲೇ ಇರುತ್ತದೆ. ‘ಬಿಸಿ ಎಲೆಕ್ಟ್ರಾನ್’ ಎಂಬ ಮಾತು ಸರಿಯಾಗಿ ಸಲ್ಲುವುದು ಇಲ್ಲಿಂದ ಮುಂದಕ್ಕೆ. ಆದ್ದರಿಂದ ಎರಡನೆಯ ಹಂತಕ್ಕೆ ‘ಶಕ್ತಿಹಂಚಿಕೆ’ ಎಂಬ ಸರಳ ಪದವನ್ನೇ ಇಟ್ಟುಕೊಂಡಿದ್ದೇನೆ.

ಮೂರನೆಯ ಹಂತಕ್ಕೆ ‘ಆರುವುದು’ ಮತ್ತು ‘ತಣಿಯುವುದು’ ಎರಡೂ ಮುಂದೆ ಬಂದವು. ಆರು ಎಂಬ ಧಾತುವಿಗೆ ದೀಪ ನಂದುವ ಅರ್ಥವೂ ಇರುವುದರಿಂದ, ಬೆಳಕು ಹೊಮ್ಮುವುದೂ ನಿಲ್ಲುವುದೂ ಬೇರೆಯಾಗಿಯೇ ಬರುವ ಈ ವಿಷಯದಲ್ಲಿ ಅದು ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ‘ತಣಿಯುವಿಕೆ’ಯೇ ಮೇಲೆಂದು ತೋರುತ್ತದೆ. ನಾಲ್ಕನೆಯದಕ್ಕೆ ‘ಮರುಸೇರ್ಪಡೆ’ ಸಾಕು.

ತಣಿಯುವಿಕೆ ಮತ್ತು ಮರುಸೇರ್ಪಡೆಗಳನ್ನು ಬೇರೆಬೇರೆಯಾಗಿ ಹೇಳಲೇಬೇಕೆಂಬುದಕ್ಕೆ ಸೌರಕೋಶ ಒಳ್ಳೆಯ ನಿದರ್ಶನ. ‘ವಿಶ್ರಾಂತಿ ನಿಧಾನವಾದಷ್ಟೂ ಸೌರಕೋಶದ ದಕ್ಷತೆ ಹೆಚ್ಚುತ್ತದೆ’ ಎಂಬ ವಾಕ್ಯವನ್ನು ಗಮನಿಸಿ. ಮರುಸೇರ್ಪಡೆಯ ಮಟ್ಟಿಗೆ ಇದು ಎಲ್ಲ ಸೌರಕೋಶಗಳಿಗೂ ಅನ್ವಯಿಸುವ ಮಾತು: ಎಲೆಕ್ಟ್ರಾನು ರಂಧ್ರವನ್ನು ಸೇರುವ ಮೊದಲೇ ಅದನ್ನು ತಂತಿಗೆ ಸಾಗಿಸಬೇಕು. ತಣಿಯುವಿಕೆಯ ಮಟ್ಟಿಗಾದರೋ ಅದೊಂದು ವಿಶೇಷ ಹಂಬಲ. ಶಾಕ್ಲಿ ಮತ್ತು ಕ್ವೈಸರ್ ಎಂಬ ಭೌತವಿಜ್ಞಾನಿಗಳು 1961ರಲ್ಲಿ ತೋರಿಸಿದ ದಕ್ಷತೆಯ ಮಿತಿ, ಒಂದೇ ಸಂಧಿಯ (ಒಂದೇ ಶಕ್ತಿ ಅಂತರವುಳ್ಳ) ಕೋಶಕ್ಕೆ ಶೇಕಡ 33ರ ಸಮೀಪ ನಿಲ್ಲುವುದಕ್ಕೆ ಇರುವ ದೊಡ್ಡ ಕಾರಣಗಳಲ್ಲಿ ಒಂದು, ಫೋಟಾನಿನ ಹೆಚ್ಚುವರಿ ಶಕ್ತಿಯೆಲ್ಲ ಪಿಕೊಸೆಕೆಂಡುಗಳಲ್ಲೇ ಜಾಲಕದ ಶಾಖವಾಗಿ ಹೋಗುವುದು. ತಣಿಯುವ ಮೊದಲೇ ಎಲೆಕ್ಟ್ರಾನನ್ನು ಹೊರತೆಗೆಯುವ ಪ್ರಯತ್ನ ಆ ನಷ್ಟವನ್ನು ತಪ್ಪಿಸಲೆಂದೇ ನಡೆಯುತ್ತಿದೆ. ಎರಡು ಬೇರೆ ಗುರಿಗಳನ್ನು ಒಂದೇ ವಾಕ್ಯ ನುಂಗಿಹಾಕಬಾರದು.

ಮೊದಲನೆಯ ಹಂತಕ್ಕೆ, ಅಂದರೆ ‘ಡಿಫೇಸಿಂಗ್’ಗೆ, ಎರಡು ದಾರಿಗಳಿವೆ. ಪಠ್ಯಗಳಲ್ಲಿ ಒಂದೇ ಲಯದ ಬೆಳಕಿನ ಆಕರಗಳಿಗೆ ‘ಸಂಸಕ್ತ’ ಎನ್ನುವುದರಿಂದ ‘ಸಂಸಕ್ತಿನಾಶ’ ಎನ್ನಬಹುದು. ಆದರೆ ದ್ರವದ ಅಣುಗಳನ್ನು ಹಿಡಿದಿಡುವ ಬಲಕ್ಕೂ ಸಂಸಕ್ತಿ ಎನ್ನುವುದುಂಟು. ಇನ್ನೊಂದು ‘ತಾಳತಪ್ಪುವಿಕೆ’. ಒಂದೊಂದು ಜೋಡಿಯೂ ತೊನೆಯುತ್ತಲೇ ಇದ್ದರೂ ಒಟ್ಟು ಮೇಳ ಕೆಟ್ಟುಹೋಗುತ್ತದೆ, ಶಕ್ತಿ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ ಎಂಬ ಸೂಕ್ಷ್ಮವನ್ನು ಈ ಪದ ತಾನಾಗಿಯೇ ಹೇಳಿಬಿಡುತ್ತದೆ. ಹಾಗೆ ನೋಡಿದರೆ ಶಕ್ತಿನಷ್ಟವಿಲ್ಲದ ಈ ಹಂತವನ್ನು ‘ಶಮನ’ದ ಕೆಳಗೆ ತರುವುದೂ ಅಷ್ಟು ಸರಿಯಲ್ಲ. ನನ್ನ ಒಲವು ‘ತಾಳತಪ್ಪುವಿಕೆ’ಯ ಕಡೆಗಿದೆ, ಗಂಭೀರ ಬರಹಕ್ಕೆ ಅದು ಹಗುರವಾಯಿತೆಂದು ಕೆಲವರಿಗೆ ಅನ್ನಿಸಬಹುದು.

ಇನ್ನು ಕೆಲವು ಬಿಡಿ ಪದಗಳು. ‘ಅಲ್ಟ್ರಾಫಾಸ್ಟ್’ಗೆ ‘ಅತಿವೇಗ’ ಎಂದರೆ ಎಲೆಕ್ಟ್ರಾನು ಬಹಳ ಜೋರಾಗಿ ಓಡುತ್ತದೆ ಎಂಬ ಅರ್ಥ ಬರುತ್ತದೆ. ಹೇಳಬೇಕಾಗಿರುವುದು ಓಟದ ವೇಗವನ್ನಲ್ಲ, ಘಟನೆ ಮುಗಿಯಲು ಹಿಡಿಯುವ ಕಾಲ ಕಿರಿದು ಎಂಬುದನ್ನು. ಆದಕಾರಣ ‘ಅತಿಕ್ಷಿಪ್ರ’ ವಾಸಿ. 1999ರ ರಸಾಯನವಿಜ್ಞಾನ ನೊಬೆಲ್ ಅಹ್ಮದ್ ಜ಼ಿವೈಲ್ ಅವರಿಗೆ ಸಂದದ್ದು ಫೆಮ್ಟೊಸೆಕೆಂಡುಗಳ ಅಧ್ಯಯನಕ್ಕಾಗಿ. 2023ರ ಭೌತವಿಜ್ಞಾನ ನೊಬೆಲ್ ಪಿಯೇರ್ ಅಗೊಸ್ಟಿನಿ, ಫೆರೆಂಕ್ ಕ್ರೌಸ್ ಮತ್ತು ಆನ್ ಲುಲಿಯೆ ಅವರಿಗೆ ಸಂದದ್ದು ಅದಕ್ಕಿಂತ ಸಾವಿರ ಪಾಲು ಚಿಕ್ಕದಾದ ಅಟ್ಟೊಸೆಕೆಂಡುಗಳ ಅಳತೆಯ ಬೆಳಕಿನ ಮಿಡಿತಗಳಿಗಾಗಿ. ‘ಅತಿಕ್ಷಿಪ್ರ’ ಎಂಬ ಪದ ಎರಡನ್ನೂ ಒಳಗೊಳ್ಳುತ್ತದೆ.

ಲೇಸರ್ ಬೆಳಕನ್ನು ‘ಏಕವರ್ಣ’ ಎಂದು ಕಲಿಸುವ ರೂಢಿ ಇಲ್ಲಿ ಅಡ್ಡಬರುತ್ತದೆ. 800 ನ್ಯಾನೊಮೀಟರಿನ ಸುತ್ತಲಿನ 10 ಫೆಮ್ಟೊಸೆಕೆಂಡಿನ ಮಿಡಿತದಲ್ಲಿ ತರಂಗದೂರಗಳು ಕಡಿಮೆಯೆಂದರೂ 90 ನ್ಯಾನೊಮೀಟರಿಗೂ ಹೆಚ್ಚು ಅಗಲಕ್ಕೆ ಹರಡಿರಬೇಕು. ಕಾಲದಲ್ಲಿ ಕಿರಿದಾದಷ್ಟೂ ಬಣ್ಣದಲ್ಲಿ ಹಿರಿದಾಗುವುದು ತರಂಗದ ಸ್ವಭಾವ. ನಾನು ‘ಲೇಸರ್ ಮಿಡಿತ’ ಎಂದಷ್ಟೇ ಬರೆದು ಆ ವಿಶೇಷಣವನ್ನು ಕೈಬಿಟ್ಟಿದ್ದೇನೆ.

‘ಪಂಪ್-ಪ್ರೋಬ್’ ವಿಧಾನಕ್ಕೆ ‘ಉದ್ರೇಕ-ಶೋಧಕ ವಿಧಾನ’ ಎಂದಿದ್ದೇನೆ. ಮೊದಲ ಮಿಡಿತ ಎಲೆಕ್ಟ್ರಾನುಗಳನ್ನು ಏರಿಸುತ್ತದೆ, ಕ್ಷೀಣವಾದ ಎರಡನೆಯದು ತುಸು ಹೊತ್ತಿನ ನಂತರ ಬಂದು ಹರಳು ಎಷ್ಟು ಬೆಳಕನ್ನು ಹೀರುತ್ತದೆ ಅಥವಾ ಮರಳಿಸುತ್ತದೆ ಎಂದು ನೋಡುತ್ತದೆ. ಈ ‘ತುಸು ಹೊತ್ತ’ನ್ನು ಗಡಿಯಾರದಿಂದಲ್ಲ, ದೂರದಿಂದ ಅಳೆಯುತ್ತಾರೆ: ಶೋಧಕ ಕಿರಣದ ದಾರಿಯಲ್ಲಿರುವ ಕನ್ನಡಿಗಳ ಜೋಡಿಯನ್ನು ಒಂದು ಮೈಕ್ರೊಮೀಟರ್ ಹಿಂದಕ್ಕೆ ಸರಿಸಿದರೆ, ಬೆಳಕು ಹೋಗಿಬರುವ ದಾರಿ ಎರಡು ಮೈಕ್ರೊಮೀಟರ್ ಹೆಚ್ಚಾಗಿ, ಮಿಡಿತ 6.7 ಫೆಮ್ಟೊಸೆಕೆಂಡಿನಷ್ಟು ತಡವಾಗಿ ತಲುಪುತ್ತದೆ. ಒಂದು ನ್ಯಾನೊಸೆಕೆಂಡಿಗೆ ಅದೇ ಕನ್ನಡಿಗಳು 15 ಸೆಂಟಿಮೀಟರ್ ಸರಿಯಬೇಕು. ಇದನ್ನು ‘ವಿಳಂಬ’ ಎಂದರೆ ಆಗಬಾರದ ತಡವಾಯಿತೆಂಬ ದನಿ ಬರುತ್ತದೆ, ಜೊತೆಗೆ ಶೋಧಕ ಮಿಡಿತವನ್ನು ಬೇಕೆಂದೇ ಮೊದಲೇ ಕಳಿಸಿ ಸೊನ್ನೆಯ ಮಟ್ಟವನ್ನು ಗುರುತಿಸುವಾಗ ‘ಋಣ ವಿಳಂಬ’ ಎಂಬ ವಿಚಿತ್ರ ಮಾತು ಹುಟ್ಟುತ್ತದೆ. ‘ಕಾಲಾಂತರ’ ಎಂದರೆ ಈ ತೊಡಕಿಲ್ಲ, ಆದರೆ ಆ ಪದವನ್ನು ‘ಕಾಲಾಂತರದಲ್ಲಿ’ ಎಂಬ ದೀರ್ಘಕಾಲದ ಬಳಕೆ ಈಗಾಗಲೇ ಹಿಡಿದುಕೊಂಡಿದೆ.

ಕೊನೆಯದಾಗಿ ‘ಲೈಫ್‌ಟೈಮ್’. ‘ಅರ್ಧಾಯು’ ನಮ್ಮಲ್ಲಿ ಚೆನ್ನಾಗಿ ರೂಢಿಯಾಗಿರುವುದರಿಂದ ‘ಆಯು’ ಎಂದಾಗ ಓದುಗ ಅದರ ಎರಡು ಪಟ್ಟು ಎಂದುಕೊಳ್ಳುವ ಅಪಾಯವಿದೆ. ಘಾತೀಯವಾಗಿ ಇಳಿಯುವ ಸಂಖ್ಯೆ ಶೇಕಡ 37ಕ್ಕೆ ಬರುವ ಕಾಲವೇ ಲೈಫ್‌ಟೈಮ್, ಅರ್ಧಾಯು ಅದರ 0.69 ಪಾಲು. ಆದ್ದರಿಂದ ‘ಸರಾಸರಿ ಆಯು’ ಎಂದೇ ಬಿಡಿಸಿ ಬರೆಯಬೇಕು. ಯಾವುದರ ಆಯು ಎಂಬುದನ್ನೂ ಹೇಳಬೇಕು. ಕಡಿಮೆ ತಾಪದಲ್ಲಿ ಬೆಳೆಸಿದ ಗ್ಯಾಲಿಯಂ ಆರ್ಸನೈಡಿನಲ್ಲಿ ಹೆಚ್ಚುವರಿ ಆರ್ಸೆನಿಕ್ ಉಂಟುಮಾಡುವ ದೋಷಗಳಲ್ಲಿ ಎಲೆಕ್ಟ್ರಾನು ಒಂದು ಪಿಕೊಸೆಕೆಂಡಿಗೂ ಮೊದಲೇ ಸೆರೆಸಿಕ್ಕುತ್ತದೆ. ಟೆರಾಹರ್ಟ್ಸ್ ಅಲೆಗಳನ್ನು ಹೊಮ್ಮಿಸುವ ಸ್ವಿಚ್ಚುಗಳಿಗೆ ಬೇಕಾದದ್ದೂ ಅದೇ. ಅಲ್ಲಿ ಮುಗಿಯುವುದು ಎಲೆಕ್ಟ್ರಾನಿನ ಆಯುವಲ್ಲ, ಅದರ ಓಡಾಟದ ಆಯು.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ‘ಶಮನ’ವನ್ನು ಭೌತವಿಜ್ಞಾನದ ಬರಹದಲ್ಲಿ ಈ ಅರ್ಥದಲ್ಲಿ ಯಾರಾದರೂ ಕಂಡಿದ್ದರೆ ಅಥವಾ ಬಳಸಿದ್ದರೆ ವಾಕ್ಯಸಮೇತ ತಿಳಿಸಬೇಕು. ‘ಸಂಸಕ್ತಿನಾಶ’ ಮತ್ತು ‘ತಾಳತಪ್ಪುವಿಕೆ’ಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಲೇಸು, ಮತ್ತು ಬೇಕೆಂದೇ ಇಟ್ಟ ಕಿರುತಡಕ್ಕೆ ‘ವಿಳಂಬ’, ‘ಕಾಲಾಂತರ’ ಎರಡನ್ನೂ ಬಿಟ್ಟು ಒಂದು ಒಳ್ಳೆಯ ಪದ ಇದೆಯೇ?