ಕಪ್ಪೆಯ ವೈ ವರ್ಣತಂತು ಯಾಕೆ ಸವೆಯುವುದಿಲ್ಲ?

ಕೆರೆದಂಡೆ:
ಸಸ್ತನಿಗಳಲ್ಲಿ ಎಕ್ಸ್ ಜೊತೆ ಮರುಸಂಯೋಜನೆ (ಜೋಡಿ ವರ್ಣತಂತುಗಳು ತುಂಡು ಬದಲಾಯಿಸಿಕೊಳ್ಳುವುದು) ನಿಂತ ಮೇಲೆ ವೈಯಲ್ಲಿ ಕೆಟ್ಟ ಮ್ಯುಟೇಶನ್‌ಗಳು ಸೇರುತ್ತಾ ಹೋಗಿ ಅದು ಕುಗ್ಗಿತು ಅಂತ ಪಾಠ. ಯುರೋಪಿನ ಸಾಮಾನ್ಯ ಕಪ್ಪೆ ರಾನಾ ಟೆಂಪೊರೇರಿಯಾದ ಗಂಡಿನಲ್ಲೂ ಮರುಸಂಯೋಜನೆ ವರ್ಣತಂತುಗಳ ತುದಿ ಬಿಟ್ಟರೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಸೂಕ್ಷ್ಮದರ್ಶಕದಲ್ಲಿ 13 ಜೋಡಿಯಲ್ಲಿ ಯಾವುದು ಎಕ್ಸ್-ವೈ ಅಂತ ಗೊತ್ತೇ ಆಗುವುದಿಲ್ಲ. ಯಾಕೆ? ಇನ್ನೊಂದು: ಒಂದೇ ತಂದೆ-ತಾಯಿಯ 5 ಗಂಡು, 5 ಹೆಣ್ಣು ಮರಿಗಳ ಡಿಎನ್‌ಎ ಓದಿಸಿದರೆ ಆ ಜೋಡಿಯನ್ನು ಹಿಡಿಯಬಹುದೇ?

ಗೊದಮೊಟ್ಟೆ:
ಮೊದಲ ಪ್ರಶ್ನೆಗೆ ಎರಡು ಉತ್ತರಗಳಿವೆ, ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ.

ಕಪ್ಪೆಯಲ್ಲಿ ಮರುಸಂಯೋಜನೆ ಎಷ್ಟು ನಡೆಯಬೇಕು ಎನ್ನುವುದನ್ನು ತೀರ್ಮಾನಿಸುವುದು ಎಕ್ಸ್-ವೈ ಅಲ್ಲ, ದೇಹ ಗಂಡೋ ಹೆಣ್ಣೋ ಅನ್ನುವುದು. ಹಾಗಾಗಿ ವೈ ಇದ್ದೂ ಹೆಣ್ಣಾಗಿ ಬೆಳೆದ ಕಪ್ಪೆಯ ಅಂಡಾಶಯದಲ್ಲಿ ಎಕ್ಸ್ ಮತ್ತು ವೈ ಧಾರಾಳವಾಗಿ ತುಂಡು ಬದಲಾಯಿಸಿಕೊಳ್ಳುತ್ತವೆ. ಇಂಥ ಲಿಂಗಬದಲು ಬಹಳ ಅಪರೂಪಕ್ಕೆ ನಡೆದರೂ ವೈ ಹೊಸದಾಗಿಯೇ ಉಳಿಯಲು ಸಾಕು. ಜೀವವಿಕಾಸ ವಿಜ್ಞಾನಿ ನಿಕೋಲಾ ಪೆರಾಂ 2009ರಲ್ಲಿ ಇದನ್ನು ‘ಯೌವನದ ಚಿಲುಮೆ’ ಎಂದು ಕರೆದರು. 2018ರಲ್ಲಿ ರಾನಾ ಟೆಂಪೊರೇರಿಯಾದ ಎಕ್ಸ್‌ವೈ ಹೆಣ್ಣುಗಳಲ್ಲೇ ಇದು ಕಂಡುಬಂತು.

ಎರಡನೆಯದು, ವೈ ಹಾಳಾಗುವ ಮೊದಲೇ ಲಿಂಗ ನಿರ್ಧರಿಸುವ ಕೆಲಸ ಬೇರೆ ಜೋಡಿಗೆ ಹೋಗಿಬಿಡುವುದು. ಈ ಕಪ್ಪೆ ಸೇರಿದ ರಾನಿಡೇ ಕುಟುಂಬದ 28 ಪ್ರಭೇದಗಳನ್ನು ಹೋಲಿಸಿದ 2018ರ ಅಧ್ಯಯನದಲ್ಲಿ ಇಂಥ ಬದಲಾವಣೆ ಮತ್ತೆ ಮತ್ತೆ ಸಿಕ್ಕಿತು. ಆದರೆ ಅದು ಮನಬಂದಂತೆ ಅಲ್ಲ: ಕೆಲವೇ ವರ್ಣತಂತುಗಳಿಗೆ ಪದೇ ಪದೇ ಈ ಪಾಳಿ ಬರುತ್ತದೆ, ಮತ್ತು ಎಕ್ಸ್‌ವೈ ವ್ಯವಸ್ಥೆ ಎಕ್ಸ್‌ವೈ ಆಗಿಯೇ ಉಳಿಯುತ್ತದೆ. ಕೆಟ್ಟ ಮ್ಯುಟೇಶನ್ ತುಂಬಿದ ವೈಯನ್ನು ಬಿಸಿ ಆಲೂಗಡ್ಡೆಯಂತೆ ಕೈಬಿಡುವುದು ಇದರ ಹಿಂದಿನ ಒತ್ತಡ ಎನ್ನುವ ವಾದಕ್ಕೆ ಇದು ಹೊಂದುತ್ತದೆ.

ಜೌಗುನೆಲ:
5+5 ಬೇಡ. ಲೆಕ್ಕ ಹಾಕಿ ನೋಡಿ. ತಂದೆಯಲ್ಲಿ ಎರಡು ರೂಪ, ತಾಯಿಯಲ್ಲಿ ಒಂದೇ ರೂಪ ಇರುವ ಗುರುತುಗಳನ್ನು (ಡಿಎನ್‌ಎಯಲ್ಲಿ ಅಕ್ಷರ ಬದಲಾಗುವ ಜಾಗಗಳನ್ನು) ಮಾತ್ರ ಆರಿಸಬೇಕು. ಲಿಂಗಕ್ಕೆ ಸಂಬಂಧವೇ ಇಲ್ಲದ ಗುರುತು ಕೂಡ 10 ಮರಿಗಳಲ್ಲಿ ಒಂದು ರೂಪ ಗಂಡುಗಳಿಗೆಲ್ಲ, ಇನ್ನೊಂದು ಹೆಣ್ಣುಗಳಿಗೆಲ್ಲ ಎಂದು ಹಂಚಿಹೋಗುವ ಸಾಧ್ಯತೆ 512ಕ್ಕೆ 1. ಗಂಡಿನಲ್ಲಿ ಇಡೀ ವರ್ಣತಂತು ಒಂದೇ ತುಂಡಾಗಿ ಸಾಗುವುದರಿಂದ, ನೀವು ಹತ್ತು ಸಾವಿರ ಗುರುತು ಓದಿಸಿದರೂ ನಿಜವಾಗಿ ಮಾಡುವುದು ಸುಮಾರು 13 ಪರೀಕ್ಷೆ. ಅಂದರೆ ಸುಳ್ಳು ಫಲಿತಾಂಶದ ಸಾಧ್ಯತೆ ಹತ್ತಿರಹತ್ತಿರ ಶೇ 2.5. 10+10 ಮಾಡಿದರೆ ಅದು 40 ಸಾವಿರಕ್ಕೆ ಒಂದಕ್ಕೆ ಇಳಿಯುತ್ತದೆ. 20+20 ಇದ್ದರೆ ಒಂದೆರಡು ಮರಿ ಹೊಂದದೆ ಹೋದರೂ ತೊಂದರೆಯಿಲ್ಲ. ಬಹುಶಃ ಅವೇ ನಿಮ್ಮ ಲಿಂಗಬದಲಾದ ಮರಿಗಳು, ಎಸೆಯಬೇಡಿ.

ಮರಿಗಳ ಲಿಂಗ ನೋಡುವಲ್ಲೇ ಹೆಚ್ಚು ಜನ ಎಡವುವುದು. ಈ ಕಪ್ಪೆಯ ಕೆಲವು ಸಮುದಾಯಗಳಲ್ಲಿ ರೂಪಾಂತರದ ಹೊತ್ತಿಗೆ ಎಲ್ಲ ಮರಿಗಳಿಗೂ ಅಂಡಾಶಯವೇ ಇರುತ್ತದೆ, ವೃಷಣ ಆಮೇಲೆ ಬರುತ್ತದೆ. ಬಾಲ ಕರಗಿದ ತಕ್ಷಣ ಕೊಯ್ದು ನೋಡಿದರೆ ಎಲ್ಲವೂ ಹೆಣ್ಣು! ಗೊದಮೊಟ್ಟೆಗಳನ್ನು ಹೆಚ್ಚು ಬಿಸಿ ನೀರಲ್ಲಿ ಸಾಕಿದರೆ ಎಕ್ಸ್‌ಎಕ್ಸ್ ಗಂಡುಗಳು ಹುಟ್ಟಬಹುದು, ಈಸ್ಟ್ರೊಜನ್ ಸೇರಿದ ನೀರಿನಲ್ಲಿ ಎಕ್ಸ್‌ವೈ ಹೆಣ್ಣುಗಳು.

ಕೆರೆದಂಡೆ:
ಸರಿ, 20+20. ಜೋಡಿ ಸಿಕ್ಕ ಮೇಲೆ ಅದೇ ಮರಿಗಳಿಂದ ಲಿಂಗ ನಿರ್ಧರಿಸುವ ಜೀನ್ ಕೂಡ ಸಿಗುತ್ತದಾ?

ಜೌಗುನೆಲ:
ಇಲ್ಲ. ಇಡೀ ವರ್ಣತಂತುವೇ ಲಿಂಗದ ಜೊತೆ ಅಂಟಿಕೊಂಡಿರುವಾಗ ಒಂದು ಕುಟುಂಬದಿಂದ ಜಾಗ ಕಿರಿದಾಗುವುದಿಲ್ಲ. ಬೇರೆ ಬೇರೆ ಕೊಳಗಳ, ಸಂಬಂಧವಿಲ್ಲದ ಗಂಡು-ಹೆಣ್ಣುಗಳನ್ನು ಹೋಲಿಸಿ, ಎಲ್ಲ ವೈಗಳಲ್ಲೂ ಸಮಾನವಾಗಿರುವ ತುಂಡು ಹುಡುಕಬೇಕು. ಈ ಪ್ರಭೇದದಲ್ಲಿ ಬಲವಾದ ಅನುಮಾನ ಒಂದನೇ ವರ್ಣತಂತುವಿನ ಡಿಎಂಆರ್‌ಟಿ1 ಎಂಬ ಜೀನ್ ಮೇಲಿದೆ.

ಗೊದಮೊಟ್ಟೆ:
ಒಂದು ಎಚ್ಚರಿಕೆ, ಇದನ್ನು ಎಲ್ಲ ಉಭಯಚರಗಳಿಗೂ ಹಚ್ಚಬೇಡಿ. ಆಕ್ಸೊಲಾಟ್ಲ್ ಎಂಬ ಸಲಮಾಂಡರ್‌ನಲ್ಲಿ ಹೆಣ್ಣು ಝಡ್‌ಡಬ್ಲ್ಯೂ, ಅಂದರೆ ಎರಡು ಬೇರೆ ಲಿಂಗ ವರ್ಣತಂತು ಇರುವುದು ಹೆಣ್ಣಿನಲ್ಲಿ. ಸುಮಾರು 32 ಶತಕೋಟಿ ಅಕ್ಷರದ ಜೀನೋಮಿನಲ್ಲಿ ಡಬ್ಲ್ಯೂಗೆ ಮಾತ್ರ ಸೇರಿದ ಭಾಗ ಸುಮಾರು 3 ಲಕ್ಷ ಅಕ್ಷರ ಅಷ್ಟೇ. ಎರಡು ಡಬ್ಲ್ಯೂ ಇರುವ ಪ್ರಾಣಿಯೂ ಬದುಕಿ ಮರಿಮಾಡುತ್ತದೆ. ಅಲ್ಲಿ ತಾಯಿಯಲ್ಲಿ ಎರಡು ರೂಪ ಇರುವ ಗುರುತು ಆರಿಸಬೇಕು, ಗುರುತುಗಳೂ ಬಹಳ ದಟ್ಟವಾಗಿರಬೇಕು. ಝೆನೊಪಸ್ ಟ್ರಾಪಿಕಾಲಿಸ್ ಎಂಬ ಆಫ್ರಿಕದ ಕಪ್ಪೆಯಲ್ಲಂತೂ ವೈ, ಡಬ್ಲ್ಯೂ, ಝಡ್ ಮೂರೂ ಒಟ್ಟಿಗಿವೆ. ಅಲ್ಲಿ ವೈಡಬ್ಲ್ಯೂ ಗಂಡು, ಝಡ್‌ಝಡ್ ಕೂಡ ಗಂಡು. ಒಂದೇ ಜೋಡಿಯ ಮರಿಗಳನ್ನು ನಂಬಿ ಕೂತರೆ ಮೂರರಲ್ಲಿ ಒಂದು ಕಣ್ಣಿಗೇ ಬೀಳದಿರಬಹುದು.